ಪಾರ್ಕಿನ್‌ಸನ್ ಕಾಯಿಲೆ: ಕೈಯ ನಡುಕದ ಹಿಂದೆ ಮನಸ್ಸಿನ ಪಾಡು



ಪ್ರಥಮ ಪಿಯುಸಿಗೆ ನರವ್ಯೂಹದ ಪಾಠ ಮಾಡುವಾಗ ಪ್ರತಿ ವರ್ಷ ನಾನು ಒಂದು ಪ್ರಶ್ನೆ ಕೇಳುತ್ತೇನೆ. "ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಕೈ ನಡುಗುವ ಹಿರಿಯರು ಇದ್ದಾರೇನು?" ನಾಲ್ಕೈದು ಕೈಗಳು ಮೇಲೇಳುತ್ತವೆ. "ಅವರ ಸ್ವಭಾವದಲ್ಲಿ ಏನಾದರೂ ಬದಲಾವಣೆ ಆಗಿದೆಯೇನು?" ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಮನೆಯ ಮಾತನ್ನು ಎಲ್ಲರ ಮುಂದೆ ಹೇಳಲು ಸಂಕೋಚ. ಬಿಡುವಿನ ವೇಳೆಯಲ್ಲಿ ಒಬ್ಬಿಬ್ಬರು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಹೇಳುತ್ತಾರೆ: "ಮೇಡಂ, ನಮ್ಮ ದಾದಾ ಯಾರ ಜೋಡಿನೂ ಮಾತಾಡಂಗಿಲ್ರೀ." "ನಮ್ಮ ಅಜ್ಜ ರಾತ್ರಿ ಮೂಲ್ಯಾಗ ಯಾರೋ ನಿಂತಾರ ಅಂತಾರ್ರೀ." ಕೊನೆಗೆ ಅವರೇ ಸಮಾಧಾನವನ್ನೂ ಹೇಳಿಕೊಳ್ಳುತ್ತಾರೆ: "ವಯಸ್ಸಾತಲ್ರೀ, ಹಂಗ ಆಗ್ತದ."

ಈ ಲೇಖನ ಆ ಕೊನೆಯ ವಾಕ್ಯಕ್ಕೆ ಉತ್ತರ. ಪಾರ್ಕಿನ್‌ಸನ್ ಕಾಯಿಲೆ ಇರುವವರಲ್ಲಿ ಕಾಣುವ ಮೌನ, ಬೇಸರ, ಭಯ, ಸಂಶಯ, ಹಠ ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆಯಬಾರದು. ಹಲವು ಸಲ ಅವು ಕಾಯಿಲೆಯ ಭಾಗ. ಕೆಲವು ಸಲ ಮಾತ್ರೆಯ ಪರಿಣಾಮ. ಎರಡಕ್ಕೂ ಪರಿಹಾರದ ದಾರಿಗಳಿವೆ. ಆದರೆ ಮನೆಯವರು ಗುರುತಿಸಿ ವೈದ್ಯರಿಗೆ ಹೇಳಿದರೆ ಮಾತ್ರ.

ಕಾಯಿಲೆಯ ಮೂಲ ಎಲ್ಲಿದೆ?

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಒಂದು ಚಿಕ್ಕ ಪುಸ್ತಕ ಬರೆದರು. ಕೈ ನಡುಕ, ಬಾಗಿದ ದೇಹ, ತಡೆಯಲಾರದೆ ಮುಂದಕ್ಕೆ ಓಡುವ ಸಣ್ಣ ಹೆಜ್ಜೆ ಇದ್ದ ಆರು ಜನರ ವಿವರ ಅದರಲ್ಲಿತ್ತು. ಅವರಲ್ಲಿ ಕೆಲವರನ್ನು ಅವರು ನೋಡಿದ್ದು ಬೀದಿಯಲ್ಲಿ. ಅವರ ಹುಟ್ಟುಹಬ್ಬವಾದ ಏಪ್ರಿಲ್ 11ನ್ನು ಈಗ ವಿಶ್ವ ಪಾರ್ಕಿನ್‌ಸನ್ ದಿನವಾಗಿ ಆಚರಿಸುತ್ತಾರೆ. ಈ ಕಾಯಿಲೆಯಲ್ಲಿ ಇಂದ್ರಿಯಗಳಿಗೂ ಬುದ್ಧಿಗೂ ಧಕ್ಕೆ ಇಲ್ಲವೆಂದು ಅವರು ಬರೆದಿದ್ದರು. ಆ ಒಂದು ಮಾತು ಬಹಳ ಕಾಲ ನಿಂತುಬಿಟ್ಟಿತು. ಪಾರ್ಕಿನ್‌ಸನ್ ಎಂದರೆ ಕೈಕಾಲಿನ ಕಾಯಿಲೆ ಎಂಬ ತಿಳಿವಳಿಕೆ ಇಂದಿಗೂ ನಮ್ಮಲ್ಲಿ ಉಳಿದಿದೆ.

ನಮ್ಮ ಮಧ್ಯ ಮಿದುಳಿನಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಪುಟ್ಟ ಭಾಗವಿದೆ. ಹೆಸರಿನ ಅರ್ಥ 'ಕಪ್ಪು ವಸ್ತು'. ಅಲ್ಲಿನ ನರಕೋಶಗಳಲ್ಲಿರುವ ಮೆಲನಿನ್ ಜಾತಿಯ ವರ್ಣಕದಿಂದ ಅದು ಕಪ್ಪಾಗಿ ಕಾಣುತ್ತದೆ. ಈ ಕೋಶಗಳು ಡೋಪಮೈನ್ ಎಂಬ ನ್ಯೂರೋಟ್ರಾನ್ಸ್‌ಮಿಟರ್ ತಯಾರಿಸುತ್ತವೆ. ಪಾರ್ಕಿನ್‌ಸನ್‌ನಲ್ಲಿ ಇವು ಒಂದೊಂದಾಗಿ ಸಾಯುತ್ತವೆ. ಉಳಿದ ಕೋಶಗಳ ಒಳಗೆ ಆಲ್ಫಾ-ಸೈನ್ಯೂಕ್ಲಿನ್ ಎಂಬ ಪ್ರೋಟೀನಿನ ಗಂಟುಗಳು ಕಾಣುತ್ತವೆ. ಅವುಗಳಿಗೆ ಲೆವಿ ಬಾಡಿ ಎಂದು ಹೆಸರು. ಡೋಪಮೈನ್ ಕಡಿಮೆಯಾದಾಗ ಚಲನೆ ನಿಧಾನವಾಗುತ್ತದೆ, ಸ್ನಾಯು ಬಿಗಿಯುತ್ತದೆ, ಕೈ ನಡುಗುತ್ತದೆ. ಕೈ ಸುಮ್ಮನಿದ್ದಾಗ ಹೆಬ್ಬೆರಳು ತೋರುಬೆರಳಿನ ಮೇಲೆ ಉರುಳುವ ಆ ನಡುಕ, ತಸ್ಬೀಹ್ ಅಥವಾ ಜಪಮಾಲೆ ಎಣಿಸಿದಂತೆ ಕಾಣುತ್ತದೆ. ಕೈ ನಡುಗುವ ಎಲ್ಲರಿಗೂ ಪಾರ್ಕಿನ್‌ಸನ್ ಇರುವುದಿಲ್ಲ ಎಂಬುದೂ ನೆನಪಿರಲಿ. ನಡುಕಕ್ಕೆ ಬೇರೆ ಕಾರಣಗಳೂ ಇವೆ. ತೀರ್ಮಾನಿಸುವುದು ವೈದ್ಯರ ಕೆಲಸ.

ಎರಡು ಸಸ್ಯಗಳು, ಒಂದು ಪಾಠ

ಡೋಪಮೈನ್‌ನ ಕತೆಯಲ್ಲಿ ನಮ್ಮ ನೆಲದ ಎರಡು ಸಸ್ಯಗಳಿವೆ. ಮೊದಲನೆಯದು ಸರ್ಪಗಂಧ. ಅದರ ಬೇರಿನಿಂದ ತೆಗೆದ ರಿಸರ್ಪೀನ್ ಎಂಬ ಔಷಧವನ್ನು 1950ರ ದಶಕದಲ್ಲಿ ರಕ್ತದೊತ್ತಡಕ್ಕೆ ಕೊಡುತ್ತಿದ್ದರು. ಅದು ನರಕೋಶಗಳಲ್ಲಿ ಕೂಡಿಟ್ಟ ಡೋಪಮೈನ್, ಸಿರೊಟೋನಿನ್, ನಾರ್‌ಅಡ್ರಿನಾಲಿನ್‌ಗಳನ್ನು ಖಾಲಿ ಮಾಡುತ್ತದೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪೀನ್ ಕೊಟ್ಟಾಗ ಅವು ಕಿವಿ ಜೋತುಬಿಟ್ಟು ಅಲುಗಾಡದೆ ಕುಳಿತವು. ಎಲ್-ಡೋಪಾ ಕೊಟ್ಟೊಡನೆ ಮತ್ತೆ ಓಡಾಡಿದವು. ಇದು 1957ರ ಮಾತು. 2000ದಲ್ಲಿ ಅವರಿಗೆ ನೊಬೆಲ್ ಬಂತು.

ಎರಡನೆಯದು ನಸುಗುನ್ನಿ. ಅದರ ಕಾಯಿಯ ರೋಮ ಮೈಗೆ ತಗುಲಿದರೆ ಎಷ್ಟು ತುರಿಸುತ್ತದೆ ಎಂಬುದು ಹೊಲಕ್ಕೆ ಹೋದವರಿಗೆ ಗೊತ್ತು. ಅದರ ಬೀಜದಲ್ಲಿ ಎಲ್-ಡೋಪಾ ಇದೆ ಎಂದು 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು ಪ್ರಕಟಿಸಿದ್ದರು. ಆಯುರ್ವೇದದಲ್ಲಿ ಕಂಪವಾತಕ್ಕೆ ಈ ಬೀಜವನ್ನು ಬಳಸುವ ರೂಢಿಯಿದೆ. ಹಾಗೆಂದು ಯಾರೂ ಬೀಜ ತಂದು ಅರೆದು ಕುಡಿಯಬಾರದು. ಅದರಲ್ಲಿ ಔಷಧ ಎಷ್ಟಿದೆ ಎಂಬುದು ಬೀಜದಿಂದ ಬೀಜಕ್ಕೆ ಬದಲಾಗುತ್ತದೆ. ತೆಗೆದುಕೊಳ್ಳುತ್ತಿರುವ ಮಾತ್ರೆಯ ಜೊತೆ ಸೇರಿದರೆ ಅಪಾಯ.

ಈಗ ಮುಖ್ಯ ಮಾತು. ರಿಸರ್ಪೀನ್ ತೆಗೆದುಕೊಂಡ ಕೆಲವರಲ್ಲಿ ಪಾರ್ಕಿನ್‌ಸನ್‌ನಂಥ ಲಕ್ಷಣಗಳು ಬಂದವು. ಕೆಲವರಲ್ಲಿ ಖಿನ್ನತೆ ಕಂಡಿತೆಂದೂ ಆ ಕಾಲದ ವೈದ್ಯರು ಬರೆದರು. ಕೈಯನ್ನೂ ಮನಸ್ಸನ್ನೂ ನಡೆಸುವ ರಾಸಾಯನಿಕಗಳು ಬೇರೆ ಬೇರೆ ಪೆಟ್ಟಿಗೆಗಳಲ್ಲಿಲ್ಲ. ಡೋಪಮೈನ್ ಒಂದು ಹಾದಿಯಲ್ಲಿ ಹೋಗಿ ಚಲನೆಯನ್ನು ಹದಗೊಳಿಸುತ್ತದೆ. ಇನ್ನೊಂದು ಹಾದಿಯಲ್ಲಿ ಹೋಗಿ ಆಸೆ, ಹುರುಪು, ಸಂತೋಷಕ್ಕೆ ಕಾರಣವಾಗುತ್ತದೆ. ಮತ್ತೊಂದು ಹಾದಿ ಯೋಜನೆ ಮಾಡುವ ಮುಂಮಿದುಳಿಗೆ ಹೋಗುತ್ತದೆ. ಪಾರ್ಕಿನ್‌ಸನ್‌ನಲ್ಲಿ ಸಿರೊಟೋನಿನ್ ಮತ್ತು ನಾರ್‌ಅಡ್ರಿನಾಲಿನ್ ತಯಾರಿಸುವ ಕೋಶಗಳೂ ಸಾಯುತ್ತವೆ. ಆದ್ದರಿಂದ ಈ ರೋಗಿಯ ಬೇಸರ ಬರೀ "ಕಾಯಿಲೆ ಬಂತಲ್ಲ" ಎಂಬ ಚಿಂತೆಯಲ್ಲ. ಅದಕ್ಕೆ ಮಿದುಳಿನಲ್ಲೇ ಬೇರಿದೆ.

ನಗದ ಮುಖ, ಬತ್ತದ ಪ್ರೀತಿ

ದುರ್ಗದಬೈಲಿನ ಹತ್ತಿರ ಒಂದು ಓಣಿಯಲ್ಲಿ ನಮ್ಮ ಮಾಮು ಮೂವತ್ತು ವರ್ಷ ಟೇಲರ್ ಅಂಗಡಿ ನಡೆಸಿದವರು. ಅವರಿಗೆ ಈ ಕಾಯಿಲೆ ಇದೆ. ಮೊದಲು ಬದಲಾದದ್ದು ಕೈಯಲ್ಲ. ನಡುಕ ಬರುವ ಎರಡು ವರ್ಷ ಮೊದಲೇ ಅವರು ಸಂಜೆ ಚಹಾದ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದರು. ಆಮೇಲೆ ಮುಖದಲ್ಲಿ ನಗು ಕಡಿಮೆಯಾಯಿತು. ಧ್ವನಿ ತಗ್ಗಿತು. ಅಳತೆ ಪುಸ್ತಕದಲ್ಲಿ ಅಕ್ಷರಗಳು ಸಾಲು ಮುಂದೆ ಹೋದಂತೆ ಸಣ್ಣದಾಗತೊಡಗಿದವು. ಮಾಮಿಗೆ ಅನಿಸಿದ್ದು ಒಂದೇ: "ಇವರಿಗೆ ಈಗ ನಾವು ಬ್ಯಾಡಾಗೇವಿ."

ಮುಖದ ಸ್ನಾಯುಗಳೂ ಬಿಗಿಯುತ್ತವೆ, ನಿಧಾನವಾಗುತ್ತವೆ. ಕಣ್ಣು ಮಿಟುಕಿಸುವುದು ಕಡಿಮೆಯಾಗುತ್ತದೆ. ಇದಕ್ಕೆ ವೈದ್ಯರು ಮುಖವಾಡದಂಥ ಮುಖ ಎನ್ನುತ್ತಾರೆ. ಒಳಗೆ ಸಂತೋಷ ಇದ್ದರೂ ಹೊರಗೆ ಕಾಣುವುದಿಲ್ಲ. ಮೊಮ್ಮಗಳು ಅಂಕಪಟ್ಟಿ ತಂದು ತೋರಿಸಿದಾಗ ಅಜ್ಜ ನಗಲಿಲ್ಲವೆಂದರೆ ಅವರಿಗೆ ಖುಷಿಯಾಗಲಿಲ್ಲ ಎಂದಲ್ಲ. "ದಾದಾ, ಖುಷಿ ಆತೇನ್ರೀ?" ಎಂದು ಬಾಯಿಬಿಟ್ಟು ಕೇಳಿ, ಉತ್ತರಕ್ಕೆ ಸ್ವಲ್ಪ ಕಾಯಿರಿ.

ಬಾಕ್ಸರ್ ಮುಹಮ್ಮದ್ ಅಲಿ ಅವರಿಗೆ 1984ರಲ್ಲಿ, 42ನೇ ವಯಸ್ಸಿನಲ್ಲಿ ಪಾರ್ಕಿನ್‌ಸನ್ ಲಕ್ಷಣಗಳು ಗುರುತಾದವು. ಮಾತಿನಿಂದಲೇ ಎದುರಾಳಿಯನ್ನು ಅರ್ಧ ಸೋಲಿಸುತ್ತಿದ್ದ ಅವರ ಧ್ವನಿ ಕುಗ್ಗಿತು, ಮುಖ ಸ್ತಬ್ಧವಾಯಿತು. ಆದರೂ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಜ್ಯೋತಿಯನ್ನು ನಡುಗುವ ಕೈಯಿಂದಲೇ ಬೆಳಗಿದರು. 2016ರಲ್ಲಿ ತೀರಿಕೊಳ್ಳುವವರೆಗೂ ಸಾರ್ವಜನಿಕ ಬದುಕಿನಿಂದ ಪೂರ್ತಿ ಹಿಂದೆ ಸರಿಯಲಿಲ್ಲ.

ಖಿನ್ನತೆ, ನಿರಾಸಕ್ತಿ, ಆತಂಕ

ಈ ಮೂರೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ. ಚಿಕಿತ್ಸೆ ಮಾತ್ರ ಬೇರೆ ಬೇರೆ. ಆದ್ದರಿಂದ ಬಿಡಿಸಿ ನೋಡೋಣ.

ಖಿನ್ನತೆಯಲ್ಲಿ ಮನುಷ್ಯ ನೋಯುತ್ತಾನೆ. "ನಾನು ಎಲ್ಲರಿಗೂ ಭಾರ ಆಗೇನಿ" ಎನ್ನುತ್ತಾನೆ. ನಿದ್ದೆ, ಹಸಿವು ಕೆಡುತ್ತವೆ. ಪಾರ್ಕಿನ್‌ಸನ್ ಇರುವ ಮೂವರಲ್ಲಿ ಸುಮಾರು ಒಬ್ಬರಿಗೆ ಗಮನಿಸಲೇಬೇಕಾದ ಖಿನ್ನತೆಯ ಲಕ್ಷಣಗಳಿರುತ್ತವೆ. ಸಾಯುವ ಮಾತು ಬಂದರೆ ಅದನ್ನು ಮುದುಕರ ಗೊಣಗಾಟವೆಂದು ತಳ್ಳಿಹಾಕದೆ ಆ ದಿನವೇ ಮನೆಯ ಹಿರಿಯರಿಗೂ ವೈದ್ಯರಿಗೂ ತಿಳಿಸಬೇಕು.

ನಿರಾಸಕ್ತಿಯಲ್ಲಿ ನೋವೂ ಇರುವುದಿಲ್ಲ, ಹುರುಪೂ ಇರುವುದಿಲ್ಲ. ಮದುವೆಗೆ ಹೋಗೋಣವೇ ಎಂದರೆ "ಬ್ಯಾಡ", ಮನೆಯಲ್ಲಿರೋಣವೇ ಎಂದರೆ "ಇರೋಣ". ಹತ್ತರಲ್ಲಿ ಸುಮಾರು ನಾಲ್ವರಿಗೆ ಇದು ಬರುತ್ತದೆ. ಮನೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ. ಕೆಲಸವನ್ನು ತಾನೇ ಶುರುಮಾಡುವ ಶಕ್ತಿ ಕುಂದಿದೆ, ಅಷ್ಟೇ. ಬೇರೆಯವರು ಶುರುಮಾಡಿಕೊಟ್ಟರೆ ಹಲವರು ಜೊತೆಗೂಡುತ್ತಾರೆ. "ವಾಕಿಂಗ್ ಹೋಗ್ರಿ" ಎನ್ನುವುದಕ್ಕಿಂತ ಚಪ್ಪಲಿ ತಂದಿಟ್ಟು "ಬರ್ರಿ, ಉಣಕಲ್ ಕೆರೆ ತನಕ ಹೋಗಿ ಬರೋಣ" ಎನ್ನುವುದು ಕೆಲಸ ಮಾಡುತ್ತದೆ. ನಿಯಮಿತ ವ್ಯಾಯಾಮ ದೇಹಕ್ಕೂ ಮನಸ್ಸಿಗೂ ಒಳ್ಳೆಯದು.

ಆತಂಕ ಕೂಡ ಮೂವರಲ್ಲಿ ಸುಮಾರು ಒಬ್ಬರನ್ನು ಕಾಡುತ್ತದೆ. ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೆ ಎದೆ ಡವಗುಟ್ಟುತ್ತದೆ, ಬೆವರುತ್ತದೆ, ಭಯವಾಗುತ್ತದೆ. ಮುಂದಿನ ಮಾತ್ರೆ ಹತ್ತಿದ ಮೇಲೆ ಭಯವೂ ಇಳಿಯುತ್ತದೆ. ಚಿಗರಿ ಬಸ್ಸಿನ ಬಾಗಿಲ ಮುಂದೆ ಒಬ್ಬ ಹಿರಿಯರು ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಟ್ಟದ್ದನ್ನು ನಾನು ನೋಡಿದ್ದೇನೆ. ಹಿಂದಿನವರು ಅವಸರ ಮಾಡಿದಷ್ಟೂ ಕಾಲು ಏಳುವುದಿಲ್ಲ. ಕಿರಿದಾದ ಬಾಗಿಲು, ಗದ್ದಲ, ಗಾಬರಿ ಮೂರೂ ಈ ತಡೆಯನ್ನು ಹೆಚ್ಚಿಸುತ್ತವೆ. ಕೈ ಹಿಡಿದು ಎಳೆಯಬೇಡಿ. "ಆರಾಮ್ ರೀ, ಒಂದು, ಎರಡು" ಎಂದು ಎಣಿಸಿ. ತಾಳಕ್ಕೆ ಹೆಜ್ಜೆ ಏಳುವುದುಂಟು.

ಇಲ್ಲದ್ದು ಕಾಣುವುದು

ಕಾಯಿಲೆ ಹಳೆಯದಾದಂತೆ ಕೆಲವರಿಗೆ ಇಲ್ಲದ ವಸ್ತುಗಳು ಕಾಣುತ್ತವೆ. ಮೂಲೆಯಲ್ಲಿ ಮಗು ಕುಳಿತಂತೆ, ಬೆಕ್ಕು ಹಾದುಹೋದಂತೆ, ಬೆನ್ನ ಹಿಂದೆ ಯಾರೋ ನಿಂತಂತೆ. ಮೊದಮೊದಲು ಹೆಚ್ಚಿನವರಿಗೆ ಅದು ನಿಜವಲ್ಲ ಎಂಬ ಅರಿವಿರುತ್ತದೆ. ಮುಂದೆ ಅದು ಸಂಶಯಕ್ಕೆ ತಿರುಗಬಹುದು: ಹಣ ಕದ್ದರು, ಹೆಂಡತಿ ಮೋಸ ಮಾಡಿದಳು ಎಂದು. ಮಿದುಳಿನ ಬದಲಾವಣೆ ಒಂದು ಕಾರಣ, ಡೋಪಮೈನ್ ಹೆಚ್ಚಿಸುವ ಮಾತ್ರೆ ಇನ್ನೊಂದು. ಕೆಲವರು ನಿದ್ದೆಯಲ್ಲಿ ಕನಸನ್ನೇ ಅಭಿನಯಿಸುತ್ತಾರೆ: ಕೂಗುತ್ತಾರೆ, ಒದೆಯುತ್ತಾರೆ. ಇದು ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಬರುವುದುಂಟು.

ನಮ್ಮಲ್ಲಿ ಎಲ್ಲ ಮತದವರ ಮನೆಗಳಲ್ಲೂ ಇದಕ್ಕೆ ಗಾಳಿ, ಸೋಂಕು, ಜಿನ್ನು ಎಂಬ ಹೆಸರುಗಳಿವೆ. ದುಆ, ಪೂಜೆ ಮನಸ್ಸಿಗೆ ನೆಮ್ಮದಿ ಕೊಡಲಿ. ಅದರ ಜೊತೆಗೆ ಮಾತ್ರೆಗಳ ಚೀಟಿ ಹಿಡಿದು ವೈದ್ಯರ ಬಳಿ ಹೋಗಬೇಕು. ಗೊಂದಲ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಮೂತ್ರದ ಸೋಂಕು, ಜ್ವರ, ನೀರು ಕಡಿಮೆಯಾಗಿರುವುದು ಅಥವಾ ಹೊಸ ಔಷಧ ಕಾರಣವಿರಬಹುದು. ಇನ್ನೊಂದು ಎಚ್ಚರ: ಭ್ರಮೆಗೆ ಕೊಡುವ ಹ್ಯಾಲೊಪೆರಿಡಾಲ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಡೋಪಮೈನ್‌ಗೆ ಅಡ್ಡ ಬಂದು ಪಾರ್ಕಿನ್‌ಸನ್ ಲಕ್ಷಣ ಹೆಚ್ಚಿಸುತ್ತವೆ. ಯಾವ ಆಸ್ಪತ್ರೆಗೆ ಹೋದರೂ, ಯಾವ ಕಾಯಿಲೆಗೆ ಹೋದರೂ "ಇವರಿಗೆ ಪಾರ್ಕಿನ್‌ಸನ್ ಇದೆ" ಎಂಬುದು ಮೊದಲ ಮಾತಾಗಿರಲಿ.

ಕಾಣುವುದು ಸುಳ್ಳೆಂದು ವಾದ ಮಾಡಿ ಗೆಲ್ಲಲಾಗುವುದಿಲ್ಲ. "ನನಗ ಕಾಣ್ಸವಲ್ತು, ಆದ್ರ ನಿಮಗ ಅಂಜಿಕಿ ಆಗೇದ ಅಂತ ಗೊತ್ತಾತು" ಎಂದು ಹೇಳಿ ದೀಪ ಹಾಕಿ. ಮಬ್ಬು ಬೆಳಕಿನಲ್ಲಿ ಇಂಥವು ಹೆಚ್ಚು ಕಾಣುತ್ತವೆ.

ಮಾತ್ರೆಯ ಜೊತೆ ಬರುವ ಹಠ

ಡೋಪಮೈನ್ ನೇರವಾಗಿ ರಕ್ತದಿಂದ ಮಿದುಳಿಗೆ ದಾಟಲಾರದು. ಅದಕ್ಕೇ ದಾಟಬಲ್ಲ ಲೆವೊಡೋಪಾ ಕೊಡುತ್ತಾರೆ. ದಾರಿಯಲ್ಲೇ ಅದು ಖರ್ಚಾಗದಿರಲು ಕಾರ್ಬಿಡೋಪಾ ಸೇರಿಸುತ್ತಾರೆ. ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಇನ್ನೊಂದು ಗುಂಪಿದೆ. ಇವು ಡೋಪಮೈನ್‌ನಂತೆ ನಟಿಸಿ ಕೋಶಗಳ ಮೇಲೆ ಕೂಡುತ್ತವೆ. ಇವುಗಳನ್ನು ಡೋಪಮೈನ್ ಅಗೋನಿಸ್ಟ್ ಎನ್ನುತ್ತಾರೆ. ಇವು ಚಲನೆಯ ಹಾದಿಯ ಜೊತೆಗೆ ಆಸೆಯ ಹಾದಿಯನ್ನೂ ಎಬ್ಬಿಸುತ್ತವೆ.

ಅದರಿಂದ ಕೆಲವರಲ್ಲಿ ತಡೆಯಲಾರದ ಚಟಗಳು ಹುಟ್ಟುತ್ತವೆ: ಹಣ ಕಟ್ಟಿ ಆಡುವುದು, ಬೇಡದ್ದನ್ನು ಕೊಳ್ಳುವುದು, ವಿಪರೀತ ತಿನ್ನುವುದು, ಕಾಮಾಸಕ್ತಿ ಮಿತಿಮೀರುವುದು. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಈ ನಾಲ್ಕರಲ್ಲಿ ಒಂದಾದರೂ ಇದ್ದವರು ಶೇ. 13.6. ಅಗೋನಿಸ್ಟ್ ತೆಗೆದುಕೊಳ್ಳುವವರಲ್ಲಿ ಶೇ. 17.1, ತೆಗೆದುಕೊಳ್ಳದವರಲ್ಲಿ ಶೇ. 6.9. ಕೆಲವರು ತಮ್ಮ ಹಳೆಯ ಕಸುಬಿನ ಕೆಲಸವನ್ನೇ ಗುರಿಯಿಲ್ಲದೆ ಗಂಟೆಗಟ್ಟಲೆ ಮಾಡುತ್ತಾರೆ. ಗಡಿಯಾರ ರಿಪೇರಿಯವರು ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದಂತೆ.

ನಮ್ಮ ಮಾಮು ಅಂಗಡಿ ಮುಚ್ಚಿದ ಮೇಲೆ ಸಾಲ ಮಾಡಿ ಲೈನಿಂಗ್ ಬಟ್ಟೆ, ಗುಂಡಿಯ ಡಬ್ಬಿ ತರತೊಡಗಿದರು. ಮನೆಯಲ್ಲಿ ಇಡಲು ಜಾಗವಿಲ್ಲ. ಕೇಳಿದರೆ ಸಿಟ್ಟು. ತಂದೆ ಮಗನ ನಡುವೆ ಮಾತು ನಿಂತುಹೋಯಿತು. ಮಗ ಕಪಾಟಿನ ಬೀಗದ ಕೈ ಕಿತ್ತುಕೊಳ್ಳುವ ಹಂತಕ್ಕೆ ಬಂದ. ಆಗ ಮಾಮಿಯೇ ದಿನಾಂಕಗಳನ್ನು ಹೊಂದಿಸಿ ನೋಡಿದರು. ಹೊಸ ಮಾತ್ರೆ ಹೆಚ್ಚಿಸಿದ ಎರಡು ತಿಂಗಳಲ್ಲಿ ಇದು ಶುರುವಾಗಿತ್ತು. ವೈದ್ಯರು ಆ ಮಾತ್ರೆಯನ್ನು ಹಂತಹಂತವಾಗಿ ಇಳಿಸಿದರು. ಕೆಲವು ತಿಂಗಳಲ್ಲಿ ಖರೀದಿ ನಿಂತಿತು. ಬಟ್ಟೆಯನ್ನು ಮಗನೇ ಅಂಗಡಿಗಳಿಗೆ ಮಾರಿ ಬಂದ. ಮಾಮುವಿನ ಮಾನ ಉಳಿಯಿತು. ಓದು ಬಾರದ ಮಾಮಿ ಮಾಡಿದ್ದು ಶುದ್ಧ ವಿಜ್ಞಾನ: ಯಾವುದು ಮೊದಲು, ಯಾವುದು ನಂತರ ಎಂದು ನೋಡುವುದು.

ಉಪವಾಸದ ದಿನಗಳು

ರಂಜಾನ್ ರೋಜಾ ಇರಲಿ, ಏಕಾದಶಿ ಇರಲಿ, ಲೆವೊಡೋಪಾ ತೆಗೆದುಕೊಳ್ಳುವವರು ತಾವೇ ನಿರ್ಧರಿಸಬಾರದು. ಈ ಮಾತ್ರೆಯ ಪ್ರಭಾವ ಕೆಲವೇ ಗಂಟೆ. ಸಹರಿಯಿಂದ ಇಫ್ತಾರ್‌ವರೆಗೆ ಹದಿಮೂರು ಗಂಟೆ ಮಾತ್ರೆಯಿಲ್ಲದೆ ಇದ್ದರೆ ಬಿಗಿತವೂ ಹೆಚ್ಚುತ್ತದೆ, ಆತಂಕವೂ ಹೆಚ್ಚುತ್ತದೆ. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ತೀವ್ರ ಜ್ವರ, ಬಿಗಿತ, ಪ್ರಜ್ಞೆ ತಪ್ಪುವಂಥ ಪ್ರಾಣಾಪಾಯವೂ ಆಗಬಹುದು. ಕಾಯಿಲೆಯವರಿಗೆ ರೋಜಾದಿಂದ ರಿಯಾಯಿತಿ ಇದೆ ಎಂಬುದು ನಮಗೆಲ್ಲ ಗೊತ್ತು. ಆದರೂ ಇಡೀ ಮನೆ ರೋಜಾ ಇರುವಾಗ ತಾನೊಬ್ಬನೇ ಉಣ್ಣುವುದು ಹಿರಿಯರಿಗೆ ಬಹಳ ನೋವಿನ ಸಂಗತಿ. ಆ ನೋವನ್ನು ಗೌರವಿಸಿ. ರಂಜಾನಿಗೆ ಒಂದು ತಿಂಗಳು ಮೊದಲೇ ವೈದ್ಯರನ್ನು ಕೇಳಿ, ಬೇಕಿದ್ದರೆ ಆಲಿಮರನ್ನೂ ಕೇಳಿ. ಇನ್ನೊಂದು ಮಾತು: ಮಾಂಸ, ಬೇಳೆ, ಹಾಲಿನ ಪ್ರೋಟೀನ್ ಲೆವೊಡೋಪಾ ದೇಹಕ್ಕೆ ಸೇರುವುದನ್ನು ತಡೆಯಬಹುದು. ಮಾತ್ರೆ ಊಟಕ್ಕೆ ಎಷ್ಟು ಮೊದಲು ಎಂಬುದನ್ನು ವೈದ್ಯರಿಂದ ತಿಳಿದುಕೊಳ್ಳಿ.

ನೀವು ಮಾಡಬಹುದಾದ ಕೆಲಸ

ತಪಾಸಣೆಯ ಕೋಣೆಯಲ್ಲಿ ವೈದ್ಯರಿಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಕೈ ನಡುಕ ಕಾಣುತ್ತದೆ. ಮನೆಯ ರಾತ್ರಿ ಕಾಣುವುದಿಲ್ಲ. ಹಿರಿಯರೂ ನಾಚಿಕೆಯಿಂದ ಹೇಳುವುದಿಲ್ಲ. ಓದು ಬರಹ ಬಲ್ಲ ನೀವು ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಹೀಗೆ ಬರೆದಿಡಿ:

1. ಯಾವ ಮಾತ್ರೆ, ಎಷ್ಟು ಗಂಟೆಗೆ.
2. ಯಾವ ಹೊತ್ತಿನಲ್ಲಿ ಕೈಕಾಲು ಸಲೀಸು, ಯಾವ ಹೊತ್ತಿನಲ್ಲಿ ಬಿಗಿತ.
3. ಬೇಸರ, ಭಯ, ಸಿಟ್ಟು ಯಾವ ಹೊತ್ತಿನಲ್ಲಿ.
4. ನಿದ್ದೆ ಹೇಗಿತ್ತು, ಇಲ್ಲದ್ದೇನಾದರೂ ಕಂಡಿತೇ.
5. ಖರ್ಚು, ಊಟ, ಹವ್ಯಾಸದಲ್ಲಿ ಹೊಸ ಬದಲಾವಣೆ.

ಹಿರಿಯರಿಗೆ ಹೇಳಿಯೇ ಬರೆಯಿರಿ. ಕದ್ದು ಬರೆದರೆ ಅದೇ ಸಂಶಯಕ್ಕೆ ಕಾರಣವಾದೀತು.

ನಮ್ಮ ಅವಳಿ ನಗರದಲ್ಲಿ ಇದಕ್ಕೆ ಹೋಗಲು ಜಾಗಗಳಿವೆ. ಎಲ್ಲರೂ ಈಗಲೂ ಕಿಮ್ಸ್ ಎಂದೇ ಕರೆಯುವ ವಿದ್ಯಾನಗರದ ಸರ್ಕಾರಿ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ, ಧಾರವಾಡದ ಬೆಳಗಾವಿ ರಸ್ತೆಯ ಡಿಮ್ಹಾನ್ಸ್. ಡಿಮ್ಹಾನ್ಸ್ ಹೆಸರು ಕೇಳಿದರೆ ನಮ್ಮ ಊರಿನವರು ನಗುವ ಕೆಟ್ಟ ರೂಢಿ ಇದೆ. ಅದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆ. ಮನಸ್ಸು ಮತ್ತು ನರ ಎರಡೂ ಒಂದೇ ಹೆಸರಿನಲ್ಲಿರುವುದು ಎಷ್ಟು ಸರಿ ಎಂಬುದು ಈ ಪಾಠ ಓದಿದ ನಿಮಗೆ ತಿಳಿದಿರಬೇಕು. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಅದು 2022ರ ಅಕ್ಟೋಬರ್ 10ರಂದು ಶುರುವಾಯಿತು. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಆರೈಕೆ ಮಾಡುವವರನ್ನೂ ಮರೆಯಬೇಡಿ. ಹೆಚ್ಚಿನ ಮನೆಗಳಲ್ಲಿ ಅದು ಹೆಂಡತಿ ಅಥವಾ ಸೊಸೆ. ರಾತ್ರಿ ಎದ್ದು ಎದ್ದು ಅವರ ನಿದ್ದೆಯೂ ಹೋಗಿರುತ್ತದೆ. ವಾರಕ್ಕೆ ಎರಡು ಸಂಜೆ ಅಜ್ಜನ ಹತ್ತಿರ ನೀವು ಕುಳಿತರೆ ಅಮ್ಮನಿಗೆ ಎರಡು ಸಂಜೆ ಸಿಗುತ್ತವೆ.

ಪಾರ್ಕಿನ್‌ಸನ್ ಅನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಖಿನ್ನತೆಗೆ ಔಷಧ ಮತ್ತು ಆಪ್ತಸಮಾಲೋಚನೆ ಇವೆ, ಆತಂಕಕ್ಕೆ ಮಾತ್ರೆಯ ವೇಳೆ ಬದಲಿಸಬಹುದು, ಹಠಕ್ಕೆ ಮಾತ್ರೆ ಇಳಿಸಬಹುದು, ಭ್ರಮೆಗೆ ಕಾರಣ ಹುಡುಕಬಹುದು. "ವಯಸ್ಸಾತು" ಎಂದುಬಿಟ್ಟರೆ ಇವೆಲ್ಲ ಬಾಗಿಲುಗಳು ಮುಚ್ಚುತ್ತವೆ.

ಓದಿದ ಮೇಲೆ ಯೋಚಿಸಿ

1. ಡೋಪಮೈನ್ ಬದಲು ಲೆವೊಡೋಪಾ ಕೊಡುವುದೇಕೆ?
2. ಖಿನ್ನತೆಗೂ ನಿರಾಸಕ್ತಿಗೂ ಇರುವ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ವಿವರಿಸಿ.
3. ಮುಖ ನೋಡಿ ಮನಸ್ಸನ್ನು ತೀರ್ಮಾನಿಸುವುದು ಪಾರ್ಕಿನ್‌ಸನ್‌ನಲ್ಲಿ ಏಕೆ ತಪ್ಪಾಗುತ್ತದೆ?
4. ಹೊಸ ಚಟ ಕಂಡಾಗ ಮಾತ್ರೆಯನ್ನು ನಾವೇ ನಿಲ್ಲಿಸಬಾರದು ಏಕೆ?

ಉತ್ತರಗಳನ್ನು ಬರೆದು ತಂದರೆ ಸ್ಟಾಫ್ ರೂಮಿನಲ್ಲಿ ಕೂತು ನೋಡೋಣ. ಮನೆಯ ಮಾತು ಹೇಳುವುದಿದ್ದರೆ ಅದಕ್ಕೂ ಬನ್ನಿ.